ಯೂಟಾ ಬೆಟ್ಟದ ಮೇಕೆ, ಅದರ ಎಂಜಿನ್ ನಂಬರು

ಅಮೆರಿಕದ ಯೂಟಾ ರಾಜ್ಯ ಅಂದಕೂಡಲೇ ನಮ್ಮವರಿಗೆ ನೆನಪಾಗೋದು ಕೆಂಪು ಕಲ್ಲಿನ ಕಮಾನುಗಳು, ಉಪ್ಪಿನ ಸರೋವರ. ರಜೆಗೆ ಬಂದವರು ಅವೆರಡನ್ನೂ ನೋಡಿ, ಫೋಟೊ ಹಾಕಿ ಹೊರಟುಬಿಡ್ತಾರೆ. ನಾನು ಮೂರು ವರ್ಷದಿಂದ ಇರುವ ಯೂಟಾ ಬೇರೆ. ಸಾಲ್ಟ್ ಲೇಕ್ ಸಿಟಿಯಿಂದ ಐ-15 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದರೆ ಎಡಕ್ಕೆ ಗೋಡೆ ಕಟ್ಟಿದ ಹಾಗೆ ವಾಸಾಚ್ ಬೆಟ್ಟಸಾಲು, ಬಲಕ್ಕೆ ಯೂಟಾ ಸರೋವರ, ನಡುವಿನ ಪಟ್ಟಿಯಲ್ಲಿ ಲೀಹೈ, ಓರೆಮ್, ಪ್ರೊವೊ ಅಂತ ಒಂದಕ್ಕೊಂದು ಅಂಟಿಕೊಂಡ ಊರುಗಳು. ಲೀಹೈ ಸುತ್ತಮುತ್ತ ಸಾಫ್ಟ್‌ವೇರ್ ಕಂಪನಿಗಳು ಎಷ್ಟು ತುಂಬಿಕೊಂಡಿವೆ ಅಂದರೆ ಈ ಸೀಮೆಗೆ ‘ಸಿಲಿಕಾನ್ ಸ್ಲೋಪ್ಸ್’ ಅಂತಲೇ ಹೆಸರು. ನನ್ನ ಕೆಲಸ ಅಲ್ಲಿ, ವಾಸ ಓರೆಮ್‌ನಲ್ಲಿ.

ಓರೆಮ್‌ನ ಪಕ್ಕ ಸರೋವರದ ದಂಡೆಯಲ್ಲಿ ವಿನ್ಯಾರ್ಡ್ ಅನ್ನೋ ಊರಿದೆ. 2010ರ ಜನಗಣತಿಯಲ್ಲಿ ಅಲ್ಲಿದ್ದದ್ದು 139 ಜನ. 2020ರಲ್ಲಿ 12,543! ಹತ್ತೇ ವರ್ಷದಲ್ಲಿ ಇಷ್ಟು ಜನ ಬಂದು ಕೂರೋದಕ್ಕೆ ಜಾಗ ಸಿಕ್ಕಿದ್ದು ಒಂದು ಕಾರ್ಖಾನೆ ಮುಚ್ಚಿದ್ದರಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ, ಕರಾವಳಿಯಿಂದ ದೂರ ಇರಲಿ ಅಂತ ಸರ್ಕಾರ ಇಲ್ಲಿ ಜಿನೀವಾ ಉಕ್ಕಿನ ಕಾರ್ಖಾನೆ ಕಟ್ಟಿಸಿತು. ಎರಡು ತಲೆಮಾರು ಅದರಿಂದ ಅನ್ನ ತಿಂದಿತು. 2000ದ ದಶಕದ ಆರಂಭದಲ್ಲಿ ಅದು ನಿಂತುಹೋಯಿತು. ಕುಲುಮೆಗಳಿದ್ದ ಕಡೆ ಈಗ ಅಪಾರ್ಟ್‌ಮೆಂಟು, ಸಿನಿಮಾ, ಕಾಲುದಾರಿ. ಭದ್ರಾವತಿ ಕಾರ್ಖಾನೆಯ ಕಥೆ ಕೇಳಿಕೊಂಡು ಬೆಳೆದ ಶಿವಮೊಗ್ಗ ಜಿಲ್ಲೆಯವನಿಗೆ ಇದು ತೀರಾ ಹೊಸದೇನಲ್ಲ.

ನಾನು ಬಾಡಿಗೆಗಿರುವ ಮನೆಯ ಯಜಮಾನರು ಆ ಕಾರ್ಖಾನೆಯ ಸಂಬಳದ ವಿಭಾಗದಲ್ಲಿ ಲೆಕ್ಕ ಬರೆದವರು. ವಯಸ್ಸು ಎಂಬತ್ತು ದಾಟಿದೆ. ಮನೆಯ ನೆಲಮಾಳಿಗೆ ನನ್ನದು, ಮೇಲಿನದು ಅವರದು, ಹಿಂದಿನ ಶೆಡ್ಡು ಯಾರದ್ದೂ ಅಲ್ಲ. ನಾನು ಅವರನ್ನು ಮನಸ್ಸಿನಲ್ಲೇ ‘ಅಜ್ಜ’ ಅಂತ ಕರೀತೀನಿ. ಈ ಲೇಖನ ಆ ಶೆಡ್ಡಿನಲ್ಲಿದ್ದ ಒಂದು ಗಾಡಿಯ ಬಗ್ಗೆ.

ಪ್ರೊವೊದಲ್ಲಿ ಹುಟ್ಟಿದ ಮೇಕೆ

ಗಾಡಿಯ ಹೆಸರು ‘ಟೋಟ್ ಗೋಟ್’. ಟೋಟ್ ಅಂದರೆ ಹೊತ್ತೊಯ್ಯೋದು, ಗೋಟ್ ಅಂದರೆ ಮೇಕೆ (ಸ್ಪೆಲ್ಲಿಂಗ್ ಮಾತ್ರ ಬೇಕಂತಲೇ ತಪ್ಪು). ಓರೆಮ್‌ಗೆ ಅಂಟಿಕೊಂಡ ಪ್ರೊವೊದಲ್ಲಿ ರಾಲ್ಫ್ ಬಾನಮ್ ಅನ್ನುವವರು ಬೇಟೆಗೆ ಹೋಗಲು ಅನುಕೂಲ ಆಗಲಿ ಅಂತ ಮಾಡಿದ್ದು. 1958ರಿಂದ 1970ರವರೆಗೆ ಅಲ್ಲೇ ತಯಾರಾಗ್ತಿತ್ತು.

ನೋಡೋಕೆ ಏನೂ ಚೆಂದವಿಲ್ಲ. ನಮ್ಮ ಚೇತಕ್‌ನ ಮೈಯ ತಗಡನ್ನೆಲ್ಲ ಕಿತ್ತು ಬಿಸಾಕಿ, ಬರೀ ಕಬ್ಬಿಣದ ಚೌಕಟ್ಟು ಉಳಿಸಿ, ದಪ್ಪ ಟೈರು ಹಾಕಿದರೆ ಹೇಗಿರುತ್ತೆ, ಹಾಗೆ. ಅಜ್ಜನ ಗಾಡಿಯಲ್ಲಿ ಗೇರ್ ಬದಲಿಸುವ ಗೊಡವೆ ಇಲ್ಲ. ಆಕ್ಸಿಲೇಟರ್ ಕೊಟ್ಟಾಗ ತಾನೇ ಹಿಡಿದುಕೊಳ್ಳುವ ಸೆಂಟ್ರಿಫ್ಯೂಗಲ್ ಕ್ಲಚ್ಚು, ಅಲ್ಲಿಂದ ಚೈನು, ಹಿಂದಿನ ಚಕ್ರಕ್ಕೆ ಊಟದ ತಟ್ಟೆಯಷ್ಟು ದೊಡ್ಡ ಸ್ಪ್ರಾಕೆಟ್. ವೇಗ ಕಡಿಮೆ, ಎಳೆತ ಜಾಸ್ತಿ.

ಆ ಎಳೆತ ಯಾಕೆ ಬೇಕು ಅಂತ ಇಲ್ಲಿನ ಬೆಟ್ಟ ಹತ್ತಿದರೆ ಗೊತ್ತಾಗುತ್ತೆ. ಓರೆಮ್ ಇರುವುದೇ ಸಮುದ್ರಮಟ್ಟದಿಂದ ಸುಮಾರು 4,800 ಅಡಿ ಮೇಲೆ. ಊರಿನ ತಲೆಯ ಮೇಲೆ ನಿಂತ ಟಿಂಪನೋಗಸ್ ಶಿಖರ 11,752 ಅಡಿ. ಅದರ ಬೆನ್ನಿಗೆ ಸುತ್ತುವ ‘ಆಲ್ಪೈನ್ ಲೂಪ್’ ರಸ್ತೆ ಸುಮಾರು 8,000 ಅಡಿವರೆಗೆ ಏರುತ್ತದೆ. ಸೆಪ್ಟೆಂಬರ್ ಕೊನೆಗೆ ಅಲ್ಲಿನ ಆಸ್ಪೆನ್ ಮರಗಳು ಅರಿಶಿನ ಬಳಿದ ಹಾಗೆ ಆಗ್ತವೆ. ಯೂಟಾಕ್ಕೆ ಬರುವವರು ಆ ವಾರ ತಪ್ಪಿಸಿಕೊಳ್ಳಬೇಡಿ. ಹಿಮ ಬಿದ್ದಮೇಲೆ ರಸ್ತೆಯನ್ನೇ ಮುಚ್ಚುತ್ತಾರೆ. ಎತ್ತರ ಏರಿದ ಹಾಗೆ ಗಾಳಿ ತೆಳುವಾಗಿ, ಇಂಥ ಸಣ್ಣ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3.5 ಶೇಕಡಾ ಶಕ್ತಿ ಕಳೆದುಕೊಳ್ಳುತ್ತೆ. 4 ಎಚ್‌ಪಿ ಎಂಜಿನ್ 8,000 ಅಡಿಗೆ ಹೋಗೋ ಹೊತ್ತಿಗೆ 3 ಎಚ್‌ಪಿಗಿಂತ ಕೆಳಗೆ. ಅಷ್ಟರಲ್ಲೇ ಮನುಷ್ಯ, ಬಂದೂಕು, ಬುತ್ತಿ, ವಾಪಸ್ ಬರುವಾಗ ಜಿಂಕೆ ಎಲ್ಲ ಹೊರಬೇಕು.

60ರ ದಶಕದಲ್ಲಿ ಈ ಸೀಮೆಯಲ್ಲಿ ಇಂಥ ಗುಡ್ಡಗಾಡು ಸ್ಕೂಟರ್‌ಗಳ ಹುಚ್ಚು ಜೋರಿತ್ತು. ಪಕ್ಕದ ಐಡಾಹೊ ರಾಜ್ಯದ ಬಾಯ್ಸಿಯಲ್ಲಿ ಹರ್ಬ್ ಉಲ್ ಅನ್ನುವ ಡೀಲರ್ ಹೋಂಡಾ ಸೂಪರ್ ಕಬ್‌ಗೆ ದೊಡ್ಡ ಸ್ಪ್ರಾಕೆಟ್, ಒರಟು ಟೈರು ಹಾಕಿ ಮಾರತೊಡಗಿದ್ದರು. ಅದನ್ನು ನೋಡಿಯೇ ಹೋಂಡಾ ತನ್ನ ‘ಟ್ರೈಲ್’ ಗಾಡಿಗಳನ್ನು ತಂದಿದ್ದು.

ಶೆಡ್ಡಿನೊಳಗಿನ ಹಳೇ ಜಗಳ

ಅಜ್ಜ ಈ ಗಾಡಿಯನ್ನು 1967ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಅರ್ಧ ದುಡ್ಡು ಅವರದು, ಅರ್ಧ ತಮ್ಮನದು. 1976ರ ಅಕ್ಟೋಬರ್‌ನಲ್ಲಿ, ಜಿಂಕೆ ಬೇಟೆಯ ಸಮಯಕ್ಕೆ, ತಮ್ಮ ಒಬ್ಬನೇ ತಗೊಂಡು ಹೋದ. ಡಿಸೆಂಬರ್‌ನಲ್ಲಿ ವಾಪಸ್ ಬಂತು. ಎಂಜಿನ್ ಬೇರೆ ಥರ ಕಾಣ್ತಿತ್ತು. ಅಜ್ಜ ಅದರ ಮೇಲಿದ್ದ ನಂಬರ್ ಬರೆದುಕೊಂಡು ಊರಿನ ರಿಪೇರಿ ಅಂಗಡಿಯಲ್ಲಿ ಕೇಳಿದ್ದಾರೆ. “ಇದು ಹುಲ್ಲು ಕತ್ತರಿಸುವ ಮಷೀನಿನ ಎಂಜಿನ್” ಅಂದರಂತೆ.

“ನಮ್ಮ ಒಳ್ಳೆ ಎಂಜಿನ್ ಮಾರಿಕೊಂಡು, ಲಾನ್‌ಮೂವರ್ ಎಂಜಿನ್ ಮಲಗಿಸಿ ಕೂರಿಸಿದ್ದಾನೆ ಅಂದುಕೊಂಡೆ. ಕೇಳಿದರೆ, ಎಂಜಿನ್ ಅದೇ, ಮುಟ್ಟಿಲ್ಲ ಅಂದ. ಕಣ್ಣೆದುರೇ ನಂಬರ್ ಇದೆಯಲ್ಲ!” ಅಂದರು ಅಜ್ಜ.

ಅಷ್ಟೇ ಜಗಳ. ಹಬ್ಬಕ್ಕೆ ಸೇರುತ್ತಿದ್ದರು, ಮಾತಾಡುತ್ತಿದ್ದರು, ಆದರೆ ಬೆಟ್ಟಕ್ಕೆ ಜೊತೆಯಲ್ಲಿ ಹೋಗಿದ್ದು ಅದೇ ಕೊನೆ. ಗಾಡಿ ಶೆಡ್ಡು ಸೇರಿತು. ತಮ್ಮ ತೀರಿಕೊಂಡು ಎರಡು ವರ್ಷವಾಯಿತು.

ಈಗ ಅಜ್ಜ ಈ ಮನೆ ಮಾರಿ, ಚಳಿ ಕಡಿಮೆ ಇರುವ ದಕ್ಷಿಣದ ಸೇಂಟ್ ಜಾರ್ಜ್‌ಗೆ ಮಗಳ ಜೊತೆ ಹೋಗುವವರಿದ್ದರು. ಶೆಡ್ಡು ಖಾಲಿ ಮಾಡಬೇಕು. ಮಗಳು ಎಲ್ಲದಕ್ಕೂ ಬಣ್ಣದ ಚೀಟಿ ಅಂಟಿಸಿದ್ದಳು: ಹಸಿರು ಇಟ್ಟುಕೊಳ್ಳೋದಕ್ಕೆ, ಕೆಂಪು ಗುಜರಿಗೆ. ಗಾಡಿಗೆ ಯಾವ ಚೀಟಿಯೂ ಇರಲಿಲ್ಲ.

“ನೀನು ಎಂಜಿನಿಯರ್ ಅಲ್ವಾ, ಅದು ಯಾವ ಎಂಜಿನ್ ಅಂತ ಹೇಳು,” ಅಂದರು ಅಜ್ಜ. “ಹುಲ್ಲಿನ ಮಷೀನಿಂದಾದರೆ ಗುಜರಿಗೆ ಹೋಗಲಿ. ನಮ್ಮದಾದರೆ ಮೊಮ್ಮಗನ ತೋಟಕ್ಕೆ.”

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ಸಾಗರದ ಕಡೆ ಅಡಿಕೆ ತೋಟದಲ್ಲಿ ಬೆಳೆದವರಿಗೆ ಸಣ್ಣ ಪೆಟ್ರೋಲ್ ಎಂಜಿನ್ ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋ ದಿನವೇ ಸ್ಪ್ರೇಯರ್ ಕೈಕೊಡುತ್ತೆ. ಸೋದರಮಾವ ಅದನ್ನು ಬಿಚ್ಚಿ ಜೋಡಿಸೋದನ್ನು ನೋಡುತ್ತಲೇ ನಾನು ಶಾಲೆಗೆ ಹೋಗಿದ್ದು. ಶನಿವಾರ ಬೆಳಗ್ಗೆ ಎಂಟಕ್ಕೆ, ಅಲ್ಲಿ ರಾತ್ರಿ ಏಳೂವರೆ, ಮಾವನಿಗೆ ವಿಡಿಯೊ ಕಾಲ್ ಮಾಡಿದೆ.

“ಎಂಥದ್ದೋ ಇದು ಅಸ್ಥಿಪಂಜರ?” ಅಂದರು ಮಾವ. ಆಮೇಲೆ ಸ್ವಲ್ಪ ಹತ್ತಿರ ತೋರಿಸು ಅಂದರು. “ತಮ್ಮಾ, ನಂಬರ್ ಇರೋದು ತಗಡಿನ ಮೇಲಲ್ವೇನೋ? ತಗಡು ಬಿಚ್ಚಿದ್ರೆ ಬರುತ್ತೆ ಮಾರಾಯ. ಬ್ಲಾಕ್ ನೋಡು, ಬ್ಲಾಕು.”

ನಂಬರ್ ಏನು ಹೇಳುತ್ತೆ

ಮಾವನ ಮಾತಿನಲ್ಲೇ ಎಲ್ಲ ಇತ್ತು. ಎಂಜಿನ್ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯದು. 1908ರಲ್ಲಿ ಮಿಲ್ವಾಕಿಯಲ್ಲಿ ಶುರುವಾದ ಈ ಕಂಪನಿಯ ಸಣ್ಣ ಎಂಜಿನ್‌ಗಳು ಹುಲ್ಲಿನ ಮಷೀನು, ಪಂಪು, ಜನರೇಟರ್ ಎಲ್ಲದಕ್ಕೂ ಕೂರುತ್ತವೆ. ಇವುಗಳ ಮಾಡೆಲ್ ನಂಬರ್ ಕೊರೆಯೋದು ಎಂಜಿನ್ನಿನ ಬ್ಲಾಕ್ ಮೇಲಲ್ಲ. ಫ್ಲೈವೀಲ್‌ನ ಗಾಳಿಯನ್ನು ಸಿಲಿಂಡರ್ ಕಡೆ ತಿರುಗಿಸುವ ತಗಡಿನ ಮುಚ್ಚಳದ ಮೇಲೆ. ನಾಲ್ಕೈದು ಬೋಲ್ಟ್ ಬಿಚ್ಚಿದರೆ ಎಂಜಿನ್ನಿನ ‘ಆಧಾರ್’ ಕೈಗೆ ಬರುತ್ತೆ!

ಅಜ್ಜನ ಗಾಡಿಯ ಮುಚ್ಚಳದ ಮೇಲಿದ್ದದ್ದು 130902. ಇದನ್ನು ಓದುವ ಕ್ರಮ ಸರಳ. ಮೊದಲ 13 ಅಂದರೆ ಸುಮಾರು 13 ಘನ ಇಂಚಿನ ಎಂಜಿನ್. ಮುಂದಿನ 0 ವಿನ್ಯಾಸದ ಸರಣಿ. ಅದರ ಮುಂದಿನ ಅಂಕಿಯೇ ಮುಖ್ಯ: 0ಯಿಂದ 4 ಇದ್ದರೆ ಶಾಫ್ಟ್ ಅಡ್ಡಕ್ಕೆ ಇರುತ್ತೆ, 9 ಇದ್ದರೆ ಶಾಫ್ಟ್ ಕೆಳಮುಖವಾಗಿ ನಿಂತಿರುತ್ತೆ, ಹುಲ್ಲಿನ ಮಷೀನಿನಲ್ಲಿ ಬ್ಲೇಡ್ ತಿರುಗಿಸೋದಕ್ಕೆ. ನಂತರದ 0 ಮಾಮೂಲಿ ಬೇರಿಂಗ್, ಕೊನೆಯ 2 ಹಗ್ಗ ಎಳೆದು ಬಿಟ್ಟರೆ ತಾನೇ ಸುತ್ತಿಕೊಳ್ಳುವ ಸ್ಟಾರ್ಟರ್.

ಪಕ್ಕದಲ್ಲೇ ಇನ್ನೊಂದು ಸಾಲು, ಕೋಡ್ ನಂಬರ್. ಅದು 740620 ಅಂತ ಶುರುವಾಗ್ತಿತ್ತು. ಅಂದರೆ 1974ನೇ ಇಸವಿ ಜೂನ್ 20. ಟೋಟ್ ಗೋಟ್ ತಯಾರಿಕೆ 1970ಕ್ಕೇ ನಿಂತಿದೆ, ಅಜ್ಜ ಗಾಡಿ ಕೊಂಡಿದ್ದು 1967ರಲ್ಲಿ. ಹಾಗಾಗಿ ಮುಚ್ಚಳ ಹುಲ್ಲಿನ ಮಷೀನಿಂದು ಅನ್ನೋದರಲ್ಲಿ ಸಂಶಯವಿಲ್ಲ. ಅಂಗಡಿಯವರು ಅಂದು ಹೇಳಿದ್ದು ನಿಜ. ಪ್ರಶ್ನೆ, ಮುಚ್ಚಳದ ಕೆಳಗಿರೋದು ಯಾವುದು ಅಂತ.

ಇದು ಗೊತ್ತಾಗದೆ ಸ್ಟಾರ್ಟ್ ಮಾಡೋ ಹಾಗೂ ಇರಲಿಲ್ಲ. ಇಂಥ ಸಣ್ಣ ಎಂಜಿನ್‌ಗೆ ಆಯಿಲ್ ಪಂಪ್ ಇರೋದಿಲ್ಲ. ಅಡ್ಡ ಶಾಫ್ಟಿನದರಲ್ಲಿ ಕನೆಕ್ಟಿಂಗ್ ರಾಡ್‌ನ ಬುಡಕ್ಕೆ ಸೌಟಿನಂಥ ಒಂದು ಪುಟ್ಟ ತುಂಡು ಇರುತ್ತೆ, ಅದು ಪ್ರತಿ ಸುತ್ತಿಗೂ ಆಯಿಲ್ ಎರಚುತ್ತೆ. ನಿಂತ ಶಾಫ್ಟಿನದರಲ್ಲಿ ಆ ಕೆಲಸಕ್ಕೆ ಬೇರೆಯದೇ ಹಲ್ಲುಚಕ್ರ. ಅದನ್ನು ಮಲಗಿಸಿ ಓಡಿಸಿದರೆ ಆಯಿಲ್ ತಲುಪಬೇಕಾದ ಕಡೆ ತಲುಪದೆ ಒಳಗೆಲ್ಲ ಸುಟ್ಟು ಹಿಡಿದುಕೊಳ್ಳುತ್ತೆ.

ಅಳತೆ ಏನು ಹೇಳಿತು

ಮೊದಲು ಮುಚ್ಚಳ ಬಿಚ್ಚಿದೆವು. ಅದರ ಒಂದು ಬೋಲ್ಟಿನ ತೂತನ್ನು ಅರದಿಂದ ಉಜ್ಜಿ ಉದ್ದ ಮಾಡಿದ್ದರು. ಅಂದರೆ ಆ ಜಾಗಕ್ಕೆ ಹುಟ್ಟಿದ್ದಲ್ಲ, ಒಗ್ಗಿಸಿದ್ದು. ಫ್ಲೈವೀಲ್‌ನ ರೆಕ್ಕೆಗಳಲ್ಲಿ ಎರಡರ ತುದಿ ಮುರಿದಿತ್ತು. ಬ್ಲಾಕಿನ ಬುಡದಲ್ಲಿ ಫ್ರೇಮಿಗೆ ಕೂರಿಸಲು ಎರಕದಲ್ಲೇ ಬಂದ ಪಾದಗಳಿದ್ದವು. ಅಡ್ಡ ಶಾಫ್ಟಿನ ಎಂಜಿನ್‌ಗೆ ಇರೋದೇ ಹಾಗೆ. ಕ್ಲಚ್ ತೆಗೆದು ಪಕ್ಕದ ಕವರ್ ಬಿಚ್ಚಿ ಟಾರ್ಚ್ ಬಿಟ್ಟರೆ, ರಾಡ್‌ನ ಬುಡದಲ್ಲಿ ಸೌಟು ಕಾಣಿಸಿತು.

ಅಜ್ಜ ಕುರ್ಚಿ ಹಾಕಿಕೊಂಡು ಕೂತಿದ್ದರು. “ಹಾಗಂದರೆ?” ಅಂದರು.

“ಹುಲ್ಲಿನ ಮಷೀನಿಂದಲ್ಲ. ಆದರೆ ನಿಮ್ಮದೇ ಅಂತ ಇನ್ನೂ ಹೇಳೋಕಾಗಲ್ಲ,” ಅಂದೆ.

ಮುಂದಿನ ಶನಿವಾರ ಹೆಡ್ ಬಿಚ್ಚಿದೆವು. ಪಿಸ್ಟನ್ ಮೇಲಿಂದ ಕೆಳಕ್ಕೆ ಇಳಿಯುವ ದೂರ ಅಳೆದರೆ 54 ಮಿಲಿಮೀಟರ್. ಬ್ರಿಗ್ಸ್‌ನ 130000 ಸರಣಿಯದ್ದಾಗಿದ್ದರೆ ಅದು ಸುಮಾರು 62 ಇರಬೇಕಿತ್ತು. 54 ಅಂದರೆ 100000 ಸರಣಿ: 10.43 ಘನ ಇಂಚು, ನಮ್ಮ ಲೆಕ್ಕದಲ್ಲಿ 171 ಸಿಸಿ, 4 ಎಚ್‌ಪಿ. ಆ ಸರಣಿಯ ಬೋರ್ 63.5 ಮಿಲಿಮೀಟರ್ ಇರಬೇಕು. ವರ್ನಿಯರ್ ಹಿಡಿದರೆ 63.7ರ ಮೇಲೆ ತೋರಿಸ್ತಿತ್ತು. ಮೂರು ಕಡೆ ಅಳೆದರೂ ಅಷ್ಟೇ.

ಪಿಸ್ಟನ್ ತಲೆಯ ಮೇಲೆ ಕಾಲು ಮಿಲಿಮೀಟರ್ ದಪ್ಪ ಇಂಗಾಲ ಕಟ್ಟಿತ್ತು. ಸೀಮೆಎಣ್ಣೆ ಹಚ್ಚಿ, ಐಸ್‌ಕ್ರೀಮ್ ಕಡ್ಡಿಯಿಂದ ಮೆಲ್ಲಗೆ ಕೆರೆದೆ. ಕೆಳಗಿನಿಂದ ಒಂದು ಅಚ್ಚು ಬಂತು: .010.

ಬೋರ್ ಸವೆದಾಗ ಅದನ್ನು ಸ್ವಲ್ಪ ದೊಡ್ಡದು ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕೋದು ನಮ್ಮಲ್ಲೂ ಇದೆ. .010 ಅಂದರೆ ಒಂದು ಇಂಚಿನ ನೂರನೇ ಒಂದು ಭಾಗ, ಕಾಲು ಮಿಲಿಮೀಟರ್. 63.5ಕ್ಕೆ 0.25 ಸೇರಿಸಿದರೆ 63.75. ವರ್ನಿಯರ್ ಹೇಳಿದ್ದೂ ಅದೇ.

ಅಜ್ಜ ಎದ್ದು ಒಳಗೆ ಹೋದರು. ಲೆಕ್ಕ ಬರೆದವರು, ಒಂದು ಚೀಟಿ ಬಿಸಾಡಿದವರಲ್ಲ. ಅರ್ಧ ಗಂಟೆ ಬಿಟ್ಟು ಒಂದು ಶೂ ಡಬ್ಬಿ ಹಿಡಿದು ಬಂದರು. 1967ನೇ ಇಸವಿಯ ಒಂದು ಬಿಲ್ಲು, ಕಂದು ಬಣ್ಣಕ್ಕೆ ತಿರುಗಿದ್ದು. ಗಾಡಿ ತಗೊಂಡ ತಿಂಗಳೇ ಎಂಜಿನ್ ಬಿಚ್ಚಿಸಿದ್ದಾರೆ. ಅಂಗಡಿಯವರ ಕೈಬರಹದಲ್ಲಿ: ಮಾಡೆಲ್ 100202, ಬೋರಿಂಗ್, ಪಿಸ್ಟನ್ ಮತ್ತು ರಿಂಗ್ .010, ಗ್ಯಾಸ್ಕೆಟ್ ಸೆಟ್. ಹತ್ತು ಘನ ಇಂಚು, ಅಡ್ಡ ಶಾಫ್ಟು, ಒಂದು ಸಲ ಬೋರ್ ಮಾಡಿಸಿದ್ದು. ಮೂರೂ ತಾಳೆ ಆಯಿತು.

ಅಜ್ಜ ಬಿಲ್ಲನ್ನೇ ನೋಡುತ್ತ ಕೂತರು. ನಾನು ನಟ್ಟು ಬೋಲ್ಟುಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಫೋನ್ ತೆಗೆದು ತಮ್ಮನ ಹೆಂಡತಿಗೆ ಕರೆ ಮಾಡಿದರು. ಸ್ಪೀಕರ್‌ನಲ್ಲೇ ಮಾತಾಡೋದು ಅವರ ಅಭ್ಯಾಸ. 1976ರ ಬೇಟೆಯಲ್ಲಿ ಏನಾಯಿತು ಅಂತ ನೇರವಾಗಿ ಕೇಳಿದರು.

ಆಕೆಗೆ ಚೆನ್ನಾಗಿ ನೆನಪಿತ್ತು. ಇಳಿಜಾರಿನಲ್ಲಿ ಗಾಡಿ ಮಗುಚಿ ಅವರ ಮಣಿಕಟ್ಟು ಉಳುಕಿತ್ತಂತೆ. ಮುಚ್ಚಳ ನೆಗ್ಗಿ ಫ್ಲೈವೀಲ್‌ಗೆ ತಾಗುತ್ತಿತ್ತಂತೆ. “ಅಣ್ಣ ಆರಂಭದಲ್ಲೇ ಒಬ್ಬನೇ ಹೋಗಬೇಡ ಅಂದಿದ್ದ, ಬಿದ್ದೆ ಅಂತ ಹೇಗೆ ಹೇಳಲಿ ಅಂತಿದ್ದರು. ಮುಂದಿನ ಬೇಸಿಗೆಯಲ್ಲಿ ನಮ್ಮ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಮಷೀನು ರಿಪೇರಿಗೆ ಕೊಟ್ಟಿದ್ದೀನಿ ಅಂತಲೇ ಇಡೀ ಬೇಸಿಗೆ ಕಳೆದರು!” ಅಂತ ನಕ್ಕರು.

ಅಜ್ಜ ನಗಲಿಲ್ಲ. ಫೋನ್ ಇಟ್ಟು, “ಬಿದ್ದೆ ಅಂತ ಹೇಳಿದ್ದರೆ ನಾನು ಖಂಡಿತ ಬೈತಿದ್ದೆ,” ಅಂದರು. ಆಮೇಲೆ, “ಒಂದು ವಾರ ಬೈತಿದ್ದೆ, ಅಷ್ಟೇ,” ಅಂದರು.

ಚೆರ್ರಿ ತೋಟದಲ್ಲಿ

ಉಳಿದದ್ದು ಕೈಕೆಲಸ. ಫ್ಲೈವೀಲ್ ಎಳೆದು ಕೆಳಗಿನ ಕಾಂಟ್ಯಾಕ್ಟ್ ಪಾಯಿಂಟ್ ಬದಲಿಸಿ, ಗ್ಯಾಪ್ ಅರ್ಧ ಮಿಲಿಮೀಟರ್‌ಗೆ ಇಟ್ಟೆವು. ಕಾರ್ಬುರೇಟರ್ ಪೆಟ್ರೋಲ್ ಟ್ಯಾಂಕಿನ ಮೇಲೇ ಕೂರುವ ಜಾತಿಯದು. ಅದರೊಳಗಿನ ಡಯಾಫ್ರಮ್ ಹಪ್ಪಳದ ಹಾಗೆ ಒಣಗಿತ್ತು, ಹೊಸದು ಹಾಕಿದೆವು. ಹೆಡ್ ಗ್ಯಾಸ್ಕೆಟ್, ಪೆಟ್ರೋಲ್ ಪೈಪು, ಪ್ಲಗ್, ಹೊಸ ಆಯಿಲ್. ಫ್ಲೈವೀಲ್‌ನ ಮುರಿದ ರೆಕ್ಕೆಯಿಂದ ಅದುರು ಬರುತ್ತೆ ಅಂತ ಮಾವ ಎಚ್ಚರಿಸಿದ್ದರಿಂದ ಹಳೇ ಸಾಮಾನಿನವರ ಹತ್ತಿರ ಅದೇ ಸರಣಿಯ ಇನ್ನೊಂದನ್ನು ತಂದೆವು. ಬಣ್ಣ ಬಳಿಯಲಿಲ್ಲ. ಮುಚ್ಚಳವನ್ನೂ ಬದಲಿಸಲಿಲ್ಲ. ಸರಿಯಾದ ಮುಚ್ಚಳ ಹುಡುಕಿದರೆ ಸಿಗುತ್ತೆ ಅಂದೆ. “ಬೇಡ, ಅದು ಅವನು ಹಾಕಿದ್ದು,” ಅಂದರು ಅಜ್ಜ.

ಅಕ್ಟೋಬರ್‌ನ ಎರಡನೇ ಭಾನುವಾರ ಗಾಡಿಯನ್ನು ಪಿಕಪ್‌ಗೆ ಹೇರಿ ದಕ್ಷಿಣಕ್ಕೆ ಹೊರಟೆವು. ಪ್ರೊವೊ, ಸ್ಪ್ರಿಂಗ್‌ವಿಲ್, ಸ್ಪ್ಯಾನಿಷ್ ಫೋರ್ಕ್. ಅಲ್ಲಿನ ರಾಧಾಕೃಷ್ಣ ದೇವಸ್ಥಾನದ ಗುಮ್ಮಟ ದೂರದಿಂದ ಕಂಡಾಗ ಕೈ ತಾನೇ ಎದೆಗೆ ಹೋಯಿತು. ಅಲ್ಲಿ ನಡೆಯುವ ಹೋಳಿಗೆ ಊರಿಗೆ ಊರೇ ಸೇರುತ್ತೆ. ಪೇಸನ್ ದಾಟಿದರೆ ಸ್ಯಾಂಟಕ್ವಿನ್. ಹುಳಿ ಚೆರ್ರಿ, ಸೇಬಿನ ತೋಟಗಳ ಊರು. ಹಿಂದೆ 11,928 ಅಡಿಯ ನೀಬೊ ಶಿಖರ, ವಾಸಾಚ್ ಸಾಲಿನಲ್ಲೇ ಅತಿ ಎತ್ತರದ್ದು, ತುದಿಗೆ ಅದಾಗಲೇ ಹಿಮ. ಮೊಮ್ಮಗನ ತೋಟ ಬೆಟ್ಟದ ಬುಡದಲ್ಲಿ.

ಮೊದಲ ಹಗ್ಗ ಎಳೆದಾಗ ಏನಿಲ್ಲ. ಎರಡು, ಮೂರು. ಐದನೆಯದಕ್ಕೆ ಒಂದು ಕೆಮ್ಮು. ಏಳನೆಯದಕ್ಕೆ ಹಿಡಿಯಿತು. ನಮ್ಮ ಸ್ಪ್ರೇಯರ್ ಎಂಜಿನ್‌ನದೇ ಶಬ್ದ. ವಿಡಿಯೊದಲ್ಲಿದ್ದ ಮಾವ, “ಚೋಕ್ ತೆಗಿ, ಚೋಕ್ ತೆಗಿ!” ಅಂತ ಸಾಗರದಿಂದ ಕೂಗಿದರು.

ಅಜ್ಜನಿಗೆ ಮಂಡಿ ನೋವು, ಓಡಿಸೋಕಾಗಲ್ಲ. ಮೊಮ್ಮಗ ಹತ್ತಿದ. ಚೆರ್ರಿ ಸಾಲುಗಳ ನಡುವೆ ಹೋಗಿ, ಏರಿನ ತುದಿಯಲ್ಲಿ ತಿರುಗಿಸಿ ಬಂದ. ನಡಿಗೆಗಿಂತ ಸ್ವಲ್ಪ ಜೋರು, ಅಷ್ಟೇ. ಎಂಜಿನ್ ಆಫ್ ಮಾಡೋಕೆ ಹೋದವನಿಗೆ ಅಜ್ಜ, “ಇರಲಿ, ಸ್ವಲ್ಪ ಓಡಲಿ,” ಅಂದರು. ಟ್ಯಾಂಕಿಗೆ ಹಾಕಿದ್ದ ಪೆಟ್ರೋಲ್ ಮುಗಿಯುವವರೆಗೂ ಅದು ಓಡಿತು. ನಾವು ಮೂವರೂ ಮಾತಾಡದೆ ನಿಂತಿದ್ದೆವು.

ನಿಮ್ಮ ಅಟ್ಟದಲ್ಲೂ ಒಂದಿದ್ದರೆ

ಊರಿನ ಮನೆಯ ಅಟ್ಟದಲ್ಲೋ ತೋಟದ ಪಂಪ್‌ಹೌಸಿನಲ್ಲೋ ನಿಮಗೂ ಇಂಥದ್ದೊಂದು ಎಂಜಿನ್ ಇರಬಹುದು. ಗುಜರಿಯವನನ್ನು ಕರೆಯೋ ಮೊದಲು ಇಷ್ಟು ಮಾಡಿ. ನಂಬರ್ ಫೋಟೊ ತೆಗೆದುಕೊಳ್ಳಿ, ಆದರೆ ಅದು ಬ್ಲಾಕ್ ಮೇಲಿದೆಯೋ ಬಿಚ್ಚಿ ಬರುವ ತಗಡಿನ ಮೇಲಿದೆಯೋ ನೋಡಿ. ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಎರಕದ ಕಬ್ಬಿಣದ ಬ್ಲಾಕು, ಅಂಟದಿದ್ದರೆ ಅಲ್ಯುಮಿನಿಯಂ. ಶಾಫ್ಟ್ ಅಡ್ಡವೋ ನೇರವೋ ನೋಡಿ. ಪ್ಲಗ್ ಬಿಚ್ಚಿ ನಾಲ್ಕು ಹನಿ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಬಿಟ್ಟು, ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ. ಹೆಡ್ ಬಿಚ್ಚುವ ಧೈರ್ಯವಿದ್ದರೆ ಬೋರ್, ಸ್ಟ್ರೋಕ್ ಅಳೆಯಿರಿ. ಆ ಎರಡು ಅಳತೆ ಸುಳ್ಳು ಹೇಳೋದಿಲ್ಲ.

ಮತ್ತೆ, ಮನೆಯಲ್ಲಿ ಹಳೇ ಬಿಲ್ಲುಗಳ ಡಬ್ಬಿ ಇಟ್ಟುಕೊಂಡ ಅಜ್ಜನೋ ಅಜ್ಜಿಯೋ ಇದ್ದರೆ, ಅವರು ಇರುವಾಗಲೇ ಕೇಳಿ.